ಬರದಿದ್ರೆ?

ಸಂಗೀತದ ಹುದ್ದೆ ಖಾಲಿಯಾಗಿ ಆರು ವರ್ಷ.
ಗುರುವಾರದ ಕೊನೇ ಪೀರಿಯಡ್ಡು ಸುತ್ತಿ ಸುತ್ತಿ
ಗಣಿತದವನಾದ ನನ್ನ ತಲೆಗೇ ಬಂತು.
'ಒಂದು ಹಾಡು ಬರೀರಿ ಮೇಷ್ಟ್ರೇ,
ಮಕ್ಕಳಿಗೆ ಧೈರ್ಯ ಬರೋಂಥದ್ದು' ಅಂದರು ಹೆಡ್ಮಿಸ್ಸು,
ಸೀಮೆಸುಣ್ಣದ ಡಬ್ಬಿ ಎಣಿಸುತ್ತ.

ಭದ್ರಾವತಿಯ ಕಾಗದದ ಕಾಲೋನಿಯಲ್ಲಿ
ಸೈರನ್ನು ಕೂಗುವುದು ನಿಂತಮೇಲೆ ಹುಟ್ಟಿದ ಮಕ್ಕಳಿವು.
ಯಾರ ಮನೆಯ ಗಡಿಯಾರವೂ ಸರಿಯಿಲ್ಲ,
ಮೊದಲು ಬೇಕಿರಲಿಲ್ಲ.
ಅರ್ಧ ಕ್ವಾರ್ಟರ್ಸಿಗೆ ಬೀಗ. ಇನ್ನರ್ಧದಲ್ಲಿ
ತಮಿಳು, ಉರ್ದು, ಕೊಂಕಣಿ, ಲಂಬಾಣಿ;
ಬೈಯುವಾಗ ಮಾತ್ರ ಎಲ್ಲರದೂ ಒಂದೇ ಕನ್ನಡ.

ಬರೆದೆ. ರಾತ್ರಿಯೆಲ್ಲ ಕೂತು, ಪ್ರಾಸ ಕೂಡಿಸಿ,
ಶೇಷ ಉಳಿಯದ ಭಾಗಾಕಾರದ ಹಾಗೆ:
'ಬೆಳಗು ಬರುವುದು ಗೆಳೆಯರೇ, ಬಂದೇ ಬರುವುದು.'
ಬೋರ್ಡಿನ ಮೇಲೆ ದುಂಡಗೆ ಇಳಿಸಿದೆ.

ಮೂರನೇ ಬೆಂಚಿನ ತಬಸ್ಸುಮ್ ಕೈ ಎತ್ತಿದಳು.
'ಸಾರ್, ಬರದಿದ್ರೆ?'

ಎಲ್ಲರಿಗೂ ನಗು. ನನಗೆ ಸಿಟ್ಟು.
ಬೆಳಗು ಬರದೇ ಇರುವುದುಂಟೇನೇ,
ಭೂಮಿ ತಿರುಗುತ್ತದೆ, ಪಾಠ ಓದಿಲ್ಲವಾ
ಅನ್ನುವಷ್ಟರಲ್ಲಿ ನೆನಪಾಯಿತು:
ಹರಿಹರಕ್ಕೆ ಕೆಲಸಕ್ಕೆ ಹೋದ ಇವಳಪ್ಪ
'ಶನಿವಾರ ಬರ್ತೀನಿ' ಅಂದಿದ್ದ.
ಯಾವ ಶನಿವಾರ ಅಂತ ಹೇಳಿರಲಿಲ್ಲ.

ಸೀಮೆಸುಣ್ಣ ಅವಳ ಕೈಗಿಟ್ಟೆ. 'ಅದನ್ನೂ ಬರಿ.'
ಬರೆದಳು, ನನ್ನ ಸಾಲಿನ ಕೆಳಗೆ, ಓರೆಯಾಗಿ,
ಪ್ರಶ್ನೆಯ ಕೊಕ್ಕೆಯಡಿಯ ಚುಕ್ಕೆಯನ್ನು
ಬೋರ್ಡು ತೂತಾಗುವಂತೆ ಒತ್ತಿ.

ಆಮೇಲೆ ಹಾಡು ನನ್ನ ಕೈಲಿರಲಿಲ್ಲ.
'ಬರದಿದ್ರೆ ಕಾಯೋಣ.' ಇದು ಸಾಧು ಹುಡುಗ ಎಲಿಶನದು.
'ಬರದಿದ್ರೆ ಹೋಗಿ ಕರ್ಕೊಂಡ್ ಬರೋಣ!'
'ದಾರಿ ತಪ್ಪಿದ್ರೆ ನಮ್ಮಪ್ಪನ ಆಟೋ ಕಳ್ಸೋಣ,'
ಮುರುಗೇಶ ಎದ್ದು ನಿಂತ, 'ಮೀಟರ್ ಹಾಕಲ್ಲ.'
'ಬರದಿದ್ರೆ ಬೈಯೋಣ' ಅಂದಳು ಸೋನಿಬಾಯಿ,
ಲಂಬಾಣಿಯಲ್ಲಿ ಬೈದೂ ತೋರಿಸಿದಳು,
ಅರ್ಥ ಹೇಳಲಿಲ್ಲ.
ಡೆನ್ಸಿಲ್ ಟಿಫಿನ್ ಡಬ್ಬಿ ಬಡಿದ.
ಏಳು ಪೆಟ್ಟೋ ಎಂಟೋ, ಎಣಿಸಿದೆ,
ಪ್ರತಿಸಲ ನನ್ನ ಲೆಕ್ಕವೇ ತಪ್ಪಿತು.

ಹಿಂದಿನ ಬೆಂಚಿನ ಕರಿಯಣ್ಣ ಮಾತ್ರ ಬಾಯಿ ಬಿಡಲಿಲ್ಲ.
ಅವನಿಗೊಂದು ಸಾಲು ಖಾಲಿ ಬಿಟ್ಟೆವು.
ಹಾಡುವಾಗ ಅಲ್ಲಿ ಎಲ್ಲರೂ ಒಂದು ಉಸಿರು ಸುಮ್ಮನಾಗುತ್ತಾರೆ,
ಹಳ್ಳ ದಾಟುವ ಮುನ್ನ
ಚಪ್ಪಲಿ ಕೈಗೆ ತೆಗೆದುಕೊಳ್ಳುವ ಹಾಗೆ.

ಮಾರ್ಚಿಯಲ್ಲಿ ನೀರಿನ ಮೋಟಾರು ಸುಟ್ಟಿತು.
ಭದ್ರೆ ಪಕ್ಕದಲ್ಲೇ ಹರಿಯುತ್ತಾಳೆ,
ನಲ್ಲಿಗೆ ಅದು ಗೊತ್ತಿಲ್ಲ.
ಮೂರು ದಿನ ಟ್ಯಾಂಕರಿಗಾಗಿ ಕೊಡಗಳ ಸಾಲು,
ಕೊಡಕ್ಕೆ ಕೊಡ ತಾಗಿದರೆ ಜಗಳ.
ನಾಲ್ಕನೇ ದಿನ ನಸುಕಿನಲ್ಲಿ ಯಾರೋ ಹೆಂಗಸು
ಆಕಳಿಸುತ್ತ ಅಂದಳಂತೆ: 'ಇವತ್ತೂ ಬರದಿದ್ರೆ?'

ಅಕ್ಕನ ಕೊಡ ಕಾಯುತ್ತಿದ್ದ ಒಂದನೇ ಕ್ಲಾಸಿನ ಪುಟಾಣಿಯೊಂದು
ರಾಗವಾಗಿ: 'ಹೋಗಿ ಕರ್ಕೊಂಡ್ ಬರೋಣ!'
ಹಿಂದಿನಿಂದ ಇನ್ನೊಂದು ದನಿ.
ಗಲ್ಲಿಯಾಚೆಯಿಂದ ಟಿಫಿನ್ ಡಬ್ಬಿ.
ಮೊದಲು ನಕ್ಕರಂತೆ. ಆಮೇಲೆ
ಖಾಲಿ ಕೊಡ ಸೊಂಟಕ್ಕಿಟ್ಟು ನಲವತ್ತು ಜನ
ನಗರಸಭೆಯ ಕಡೆ ನಡೆದರು,
ಮುಂದೆ ಮುರುಗೇಶನಪ್ಪನ ಆಟೋ, ಮೀಟರ್ ಹಾಕದೆ,
ಒಳಗೆ ಕಾಲು ಬಾರದ ಇಬ್ಬರು ಅಜ್ಜಿಯರು.

ಸಂಜೆಗೇ ನೀರು ಬಂತು ಅಂತ ಬರೆಯಲಾರೆ.
ಎಂಟು ದಿನ ಹಿಡಿಯಿತು.
ಆ ಎಂಟೂ ದಿನ ಸಾಲಿನಲ್ಲಿ
ಮುದುಕರ ಕೊಡ ಮುಂದೆ ಹೋಯಿತು,
ಯಾರೂ ಯಾರಿಗೂ ಹೇಳದೆ.

ಮೊನ್ನೆ ಇನ್ಸ್‌ಪೆಕ್ಟರು ಬಂದು ಕೇಳಿದರು, 'ಬರೆದವರು ಯಾರು?'
ಹೆಡ್ಮಿಸ್ಸು ನನ್ನ ಕಡೆ ಬೆರಳು ಮಾಡಿದರು.
ಮಕ್ಕಳು ನನ್ನ ಆ ಒಂದು ಸಾಲನ್ನು
ಯಾವಾಗಲೋ ಕೈಬಿಟ್ಟಿದ್ದಾರೆ, ಹೇಳಲಿಲ್ಲ;
ಹಾಡು ಈಗ ತಬಸ್ಸುಮಳ ಪ್ರಶ್ನೆಯಿಂದಲೇ ಶುರು.

ಅಂದಹಾಗೆ, ನಿನ್ನೆ ಕರಿಯಣ್ಣ
ತನ್ನ ಖಾಲಿ ಸಾಲು ಬಂದಾಗ ಕೆಮ್ಮಿದ.
ಇವತ್ತು ಅಲ್ಲಿ
ಎಲ್ಲರೂ ಕೆಮ್ಮುತ್ತಾರೆ.